ಸಿಕಲ್ ಸೆಲ್ ಜೊತೆಗೆ ಶುಗರ್ ಕೂಡ ಇದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ನನ್ನ ಕೆಲಸ. ರಿಪೋರ್ಟ್ ತಗೊಳ್ಳೋಕೆ ಬಂದವರು ಕೌಂಟರ್ ಮುಂದೆ ನಿಂತು ಕೇಳಿದ್ದು, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಕೇಳಿದ್ದು, ಗದಗ, ಹಾವೇರಿ ಕಡೆಯಿಂದ ಫೋನ್ ಮಾಡಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಸಿಕಲ್ ಸೆಲ್ (ರಕ್ತದ ಕೆಂಪು ಕಣ ಕುಡಗೋಲಿನ ಹಾಗೆ ಬಾಗುವ, ತಂದೆ ತಾಯಿಯಿಂದ ಬರುವ ಕಾಯಿಲೆ) ಇರುವವರ ರಿಪೋರ್ಟಿನಲ್ಲಿ ಎಲ್ಲರೂ ಮೊದಲು ಹುಡುಕುವ ಆ 'ಮೂರು ತಿಂಗಳ ಶುಗರ್' ಸಂಖ್ಯೆಯೇ ಬಹಳ ಸಲ ದಾರಿ ತಪ್ಪಿಸುತ್ತದೆ. ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರೋದು. ಔಷಧಿ ಹೆಚ್ಚು ಕಡಿಮೆ ಮಾಡೋದು ನಿಮ್ಮ ಡಾಕ್ಟರ್ ಕೆಲಸ. ಇದನ್ನು ಓದಿ ಗುಳಿಗೆ ನಿಲ್ಲಿಸಬೇಡಿ.

## ಮೊದಲು ತಿಳಿಯಬೇಕಾದ್ದು

ಸಿಕಲ್ ಸೆಲ್ ಇದ್ದವ್ರಿಗೆ ಶುಗರ್ ಬರೋದಿಲ್ಲ ಅಂತಾರಲ್ರಿ, ಖರೇನಾ?

ಅಲ್ಲ. ಬರುತ್ತದೆ. ಹಿಂದೆ ಸಿಕಲ್ ಸೆಲ್ ಇದ್ದವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಶುಗರ್ ಬರುವ ವಯಸ್ಸನ್ನು ಮುಟ್ಟುವವರೇ ಕಡಿಮೆ ಇದ್ದರು. ಈಗ ಚಿಕಿತ್ಸೆ ಸುಧಾರಿಸಿದೆ, ನಲವತ್ತು ಐವತ್ತು ದಾಟುವವರು ಹೆಚ್ಚಾಗಿದ್ದಾರೆ, ಹಾಗಾಗಿ ಎರಡೂ ಒಟ್ಟಿಗೆ ಇರುವವರೂ ಹೆಚ್ಚು ಕಾಣುತ್ತಿದ್ದಾರೆ. 'ಬರೋದಿಲ್ಲ' ಅನ್ನುವ ನಂಬಿಕೆಗೆ ಇನ್ನೊಂದು ಕಾರಣವೂ ಇದೆ. ಇವರ ಮೂರು ತಿಂಗಳ ಟೆಸ್ಟ್ ಸುಮ್ನೆ ಕಡಿಮೆ ಬರುತ್ತದೆ, ಅದನ್ನು ನೋಡಿ ಶುಗರ್ ಇಲ್ಲ ಅಂದುಕೊಂಡುಬಿಡುತ್ತಾರೆ.

ನನಗೆ ಸಿಕಲ್ ಸೆಲ್ ಕಾಯಿಲೆ ಇದೆಯೋ, ಬರೀ ಕ್ಯಾರಿಯರ್ ಇದ್ದೀನೋ ಹೇಗೆ ಗೊತ್ತಾಗೋದು?

ಇದು ಗೊತ್ತಿಲ್ಲದೆ ಮುಂದಿನ ಯಾವ ಉತ್ತರವೂ ಕೆಲಸಕ್ಕೆ ಬರೋದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದಿದ್ದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದು ಇನ್ನೊಬ್ಬರಿಂದ ಸರಿಯಾದ ಜೀನ್ ಬಂದಿದ್ದರೆ ಕ್ಯಾರಿಯರ್, ಅಂದರೆ ವಾಹಕ. ಒಬ್ಬರಿಂದ ಸಿಕಲ್, ಇನ್ನೊಬ್ಬರಿಂದ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಕಡಿಮೆ ಮಾಡುವ ಇನ್ನೊಂದು ರಕ್ತದ ಕಾಯಿಲೆ) ಜೀನ್ ಬಂದಿದ್ದರೆ ಅದೂ ಕಾಯಿಲೆಯೇ. ಶಿಬಿರಗಳಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಟೆಸ್ಟ್ ಕಾಯಿಲೆ ಇದ್ದವರಲ್ಲೂ ಕ್ಯಾರಿಯರ್‌ನಲ್ಲೂ ಪಾಸಿಟಿವ್ ಬರುತ್ತದೆ, ಎರಡನ್ನೂ ಬೇರೆ ಮಾಡಿ ಹೇಳೋದಿಲ್ಲ. ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೋರೆಸಿಸ್ ಟೆಸ್ಟ್ ಮಾಡಿಸಿದರೆ ಮಾತ್ರ ಸ್ಪಷ್ಟವಾಗುತ್ತದೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಸಮುದಾಯಗಳಲ್ಲಿ 40 ವರ್ಷದೊಳಗಿನ ಸುಮಾರು 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಅದರದ್ದು. ಆದರೆ ಇದು ಬುಡಕಟ್ಟಿನವರಿಗೆ ಮಾತ್ರ ಬರುವ ಕಾಯಿಲೆ ಅಲ್ಲ. ಛತ್ತೀಸಗಡ, ಒಡಿಶಾ, ವಿದರ್ಭದ ಕಡೆ ಇದು ಜಾಸ್ತಿ. ಅಲ್ಲಿಂದ ಕೆಲಸಕ್ಕೆ ಬಂದು ಹುಬ್ಬಳ್ಳಿ ಧಾರವಾಡದಲ್ಲಿ ನೆಲೆಸಿದ ಕುಟುಂಬಗಳಿವೆ. 40 ದಾಟಿದವರು ಅಭಿಯಾನದ ಲೆಕ್ಕಕ್ಕೆ ಬರದಿದ್ದರೂ ತಾವೇ ಕೇಳಿ ಟೆಸ್ಟ್ ಮಾಡಿಸಬಹುದು. ಶುಗರ್ ಬರೋದು ಆ ವಯಸ್ಸಿನವರಿಗೇ ಜಾಸ್ತಿ, ಅಲ್ವಾ?

ಮೂರು ತಿಂಗಳ ಶುಗರ್ ಟೆಸ್ಟ್ 5.1 ಬಂದೈತಿ. ಮನ್ಯಾಗ ಮಷಿನ್ ಹಚ್ಚಿದ್ರ 230 ತೋರಸ್ತೈತಿ. ಯಾವುದು ನಂಬೋದ್ರಿ?

ಸಿಕಲ್ ಸೆಲ್ ಕಾಯಿಲೆ ಇದ್ದರೆ 5.1ನ್ನು ನಂಬಬೇಡಿ.

ಈ ಟೆಸ್ಟಿನ ಹೆಸರು ಎಚ್‌ಬಿಎ1ಸಿ. ರಕ್ತದಲ್ಲಿ ಶುಗರ್ ಇದ್ದಷ್ಟೂ ಅದು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ. ಹಾಗೆ ಅಂಟಿದ್ದು ಶೇಕಡಾ ಎಷ್ಟು ಅಂತ ಈ ಟೆಸ್ಟ್ ಅಳೆಯುತ್ತದೆ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೇ ಇದು ಎರಡು ಮೂರು ತಿಂಗಳ ಲೆಕ್ಕ ಕೊಡುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕಣಗಳು ಕುಡಗೋಲಿನ ಆಕಾರಕ್ಕೆ ಬಾಗಿ ಬೇಗ ಒಡೆಯುತ್ತವೆ, ಬದುಕೋದು 10ರಿಂದ 20 ದಿನ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೂರು ತಿಂಗಳಿಂದ ಬಿದ್ದಿರುವ ಮೆಣಸಿನಕಾಯಿ ಚೀಲದ ಮೇಲೆ ಕೂತ ಧೂಳು, ಹೋದ ವಾರ ಬಂದ ಚೀಲದ ಮೇಲೆ ಇರೋದಿಲ್ಲ. ಗಾಳಿಯಲ್ಲಿ ಧೂಳು ಅಷ್ಟೇ ಇದ್ದರೂ ಹೊಸ ಚೀಲ ಶುಭ್ರವಾಗಿ ಕಾಣುತ್ತದೆ. ನಿಮ್ಮ ರಕ್ತದಲ್ಲಿ ಇರೋದೆಲ್ಲ ಹೊಸ ಚೀಲಗಳೇ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಎಚ್‌ಬಿಎ1ಸಿ ಅನ್ನೋ ಹೆಸರಿನಲ್ಲಿರುವ 'ಎ' ಸಾಮಾನ್ಯ ಹಿಮೋಗ್ಲೋಬಿನ್ ಎ. ಇಬ್ಬರಿಂದಲೂ ಸಿಕಲ್ ಜೀನ್ ಬಂದವರಲ್ಲಿ, ಬೇರೆಯವರ ರಕ್ತ ಹಾಕಿಸಿಕೊಂಡಿಲ್ಲದಿದ್ದರೆ, ಹಿಮೋಗ್ಲೋಬಿನ್ ಎ ಇರೋದೇ ಇಲ್ಲ. ಇಲ್ಲದ ವಸ್ತುವಿಗೆ ಶುಗರ್ ಅಂಟೋದು ಹೇಗೆ? ಆದರೂ ಕೆಲವು ಮಷಿನ್‌ಗಳು ಏನೋ ಒಂದು ಸಂಖ್ಯೆ ಅಚ್ಚು ಹಾಕಿಬಿಡುತ್ತವೆ. ಅದಕ್ಕೆ ಅರ್ಥ ಇಲ್ಲ.

ನೀವೇ ಲೆಕ್ಕ ಹಾಕಿ ನೋಡಬಹುದು. ಎಚ್‌ಬಿಎ1ಸಿ ಸಂಖ್ಯೆಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ, ಸರಾಸರಿ ಶುಗರ್ ಬರುತ್ತದೆ. 5.1 ಇದ್ದರೆ ಸರಾಸರಿ 100 ಅಂತಾಯಿತು. ಮನೆಯಲ್ಲಿ ಬೆಳಿಗ್ಗೆ 170, ಊಟ ಆದಮೇಲೆ 230 ಬರುತ್ತಿದ್ದು ಒಟ್ಟು ಸರಾಸರಿ 200ರ ಆಸುಪಾಸು ಇದ್ದರೆ, ಬೇರೆಯವರಲ್ಲಿ ಎಚ್‌ಬಿಎ1ಸಿ 8.6ರ ಹತ್ತಿರ ಬರಬೇಕಿತ್ತು. ಇಷ್ಟು ಅಂತರ ಕಂಡರೆ ಎರಡೂ ಕಾಗದ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. '5.1 ಬಂತು, ಶುಗರ್ ಹೋಯ್ತು' ಅಂತ ಖುಷಿಯಿಂದ ಗುಳಿಗೆ ಬಿಟ್ಟವರನ್ನು ನೋಡಿದ್ದೇನೆ, ಬಹಳ ಸಂಕಟ ಆಗುತ್ತದೆ.

ಹಾಗಾದರೆ ಶುಗರ್ ಇದೆ ಅಂತ ಯಾವ ಟೆಸ್ಟ್ ನೋಡಿ ಹೇಳ್ತಾರೆ?

ರಕ್ತದಲ್ಲಿನ ಶುಗರನ್ನೇ ನೇರವಾಗಿ ಅಳೆಯಬೇಕು. ಕೈಯ ನರದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ನೋಡಿದಾಗ ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದ 2 ತಾಸಿನ ಮೇಲೆ 200 ಅಥವಾ ಜಾಸ್ತಿ ಬಂದರೆ ಶುಗರ್ ಇದೆ ಅಂತ ಲೆಕ್ಕ. ಲಕ್ಷಣ ಏನೂ ಇಲ್ಲದಿದ್ದರೆ ಒಂದೇ ಸಲದ ಟೆಸ್ಟ್ ಸಾಲದು, ಮತ್ತೊಮ್ಮೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಲಕ್ಷಣಗಳಿದ್ದು ಯಾವ ಹೊತ್ತಿನಲ್ಲಾದರೂ 200 ದಾಟಿದರೂ ಅದು ಶುಗರೇ. ಸಿಕಲ್ ಸೆಲ್ ಕಾಯಿಲೆಯಲ್ಲಿ ಎಚ್‌ಬಿಎ1ಸಿ 6.5 ಅನ್ನುವ ಗೆರೆಯನ್ನು ಇದಕ್ಕೆ ಬಳಸಬಾರದು.

ರಕ್ತ ಕೊಡುವಾಗ ಒಂದು ಗಮನಿಸಿ. ಶುಗರ್ ಟೆಸ್ಟಿಗೆ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ, ಅದರಲ್ಲಿ ಫ್ಲೋರೈಡ್ ಇರುತ್ತದೆ. ಟ್ಯೂಬ್‌ಗೆ ಹಾಕಿದ ಮೇಲೂ ರಕ್ತ ಕಣಗಳು ಶುಗರ್ ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಅದನ್ನು ತಡೆಯುತ್ತದೆ, ಆದರೆ ಹಾಕಿದ ಕೂಡಲೇ ಪೂರ್ತಿ ತಡೆಯೋಕೆ ಆಗೋದಿಲ್ಲ. ಹಳ್ಳಿಯಲ್ಲಿ ರಕ್ತ ತೆಗೆದು ಬಿಸಿಲಲ್ಲಿ ಬೈಕ್ ಮೇಲೆ ಊರಿಗೆ ಕಳಿಸುವಾಗ ತಡವಾದಷ್ಟೂ ಸಂಖ್ಯೆ ಇಳಿಯುತ್ತದೆ. ಆದಷ್ಟು ಟೆಸ್ಟ್ ನಡೆಯುವ ಜಾಗಕ್ಕೇ ಹೋಗಿ ರಕ್ತ ಕೊಡಿ.

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಾನೆ ನಮ್ಮ ಹುಡುಗ, ಶುಗರ್ ಇರಬಹುದಾ?

ಇರಬಹುದು, ಇಲ್ಲದೆಯೂ ಇರಬಹುದು. ಸಿಕಲ್ ಸೆಲ್‌ನಲ್ಲಿ ಮೂತ್ರ ಗಟ್ಟಿ ಮಾಡುವ ಶಕ್ತಿಯನ್ನು ಕಿಡ್ನಿ ಬೇಗ ಕಳೆದುಕೊಳ್ಳುತ್ತದೆ, ಹಾಗಾಗಿ ತೆಳ್ಳಗಿನ ಮೂತ್ರ ಪದೇ ಪದೇ ಹೋಗುತ್ತದೆ, ಬಾಯಾರಿಕೆಯೂ ಆಗುತ್ತದೆ. ದೊಡ್ಡ ಮಕ್ಕಳೂ ಹಾಸಿಗೆ ಒದ್ದೆ ಮಾಡೋದು ಇದರಿಂದಲೂ ಇರಬಹುದು. ಸುಸ್ತು ಕೂಡ ರಕ್ತ ಕಡಿಮೆ ಇರುವುದರಿಂದ ಬರಬಹುದು. ಶುಗರಿನ ಲಕ್ಷಣಗಳು ಸಿಕಲ್ ಸೆಲ್ ಲಕ್ಷಣಗಳ ಜೊತೆ ಬೆರೆತು ಹೋಗುತ್ತವೆ, ಅದಕ್ಕೇ ಅಂದಾಜು ಮಾಡಬೇಡಿ. ಮೊದಲಿಗಿಂತ ಮೂತ್ರ ಜಾಸ್ತಿಯಾಗಿದ್ದರೆ, ತೂಕ ಇಳಿದಿದ್ದರೆ ಅವತ್ತೇ ಶುಗರ್ ನೋಡಿಸಿ. ನೀರು ಕುಡಿಯೋದನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಿಸಬೇಡಿ.

## ಮನೆಯಲ್ಲಿ ನೋಡಿಕೊಳ್ಳೋದು

ಹಿಮೋಗ್ಲೋಬಿನ್ 7 ಐತಿ. ಗ್ಲುಕೋಮೀಟರ್ ಸರಿ ತೋರಸ್ತೈತೇನ್ರಿ?

ಒಳ್ಳೆ ಪ್ರಶ್ನೆ, ಕೇಳುವವರು ಬಹಳ ಕಡಿಮೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಕಡಿಮೆ ಇದ್ದಾಗ ಬಹಳಷ್ಟು ಗ್ಲುಕೋಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಮಷಿನ್ 90 ಅಂದಾಗ ನಿಜವಾದದ್ದು 70ರ ಹತ್ತಿರ ಇರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ.

ಸ್ಟ್ರಿಪ್ ಡಬ್ಬಿಯ ಜೊತೆ ಸಣ್ಣದಾಗಿ ಮಡಚಿಟ್ಟ ಒಂದು ಕಾಗದ ಬರುತ್ತದೆ. ಎಲ್ಲರೂ ಬಿಸಾಡುತ್ತಾರೆ. ಅದನ್ನು ಬಿಡಿಸಿ 'ಹೆಮಟೋಕ್ರಿಟ್' (ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು) ಅನ್ನುವ ಸಾಲು ಹುಡುಕಿ, ಬಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಸ್ಟ್ರಿಪ್‌ಗೆ 30ರಿಂದ 55 ಅಂತ ಬರೆದಿರುತ್ತದೆ, ಕೆಲವಕ್ಕೆ 20ರಿಂದ 60. ನಿಮ್ಮ ಹಿಮೋಗ್ಲೋಬಿನ್ ಸಂಖ್ಯೆಯನ್ನು ಮೂರರಿಂದ ಗುಣಿಸಿದರೆ ಹೆಮಟೋಕ್ರಿಟ್ ಅಂದಾಜು ಸಿಗುತ್ತದೆ. 7 ಇದ್ದರೆ 21. ಆಗ 30ರಿಂದ ಶುರುವಾಗುವ ಸ್ಟ್ರಿಪ್ ನಿಮಗೆ ಸಲ್ಲದು, 20ರಿಂದ ಶುರುವಾಗುವುದು ಕೂಡ ಅಂಚಿನಲ್ಲೇ ಇದೆ. ಮೆಡಿಕಲ್ ಶಾಪ್‌ನಲ್ಲಿ ಕಡಿಮೆ ಬೆಲೆಯದ್ದು ಕೇಳುವ ಮೊದಲು ಈ ಸಾಲು ತೋರಿಸಿ ಅಂತ ಕೇಳಿ.

ಮಷಿನ್ ಸರಿ ಇದೆಯಾ ಅಂತ ನೋಡೋಕೆ ಸುಲಭ ದಾರಿ ಒಂದಿದೆ. ಲ್ಯಾಬ್‌ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋದಾಗ ನಿಮ್ಮ ಗ್ಲುಕೋಮೀಟರ್ ಜೊತೆಗೆ ತನ್ನಿ. ನರದಿಂದ ರಕ್ತ ತೆಗೆದ ಆ ಹೊತ್ತಿಗೇ ಬೆರಳಿನಿಂದಲೂ ನೋಡಿ ಬರೆದಿಡಿ. ಲ್ಯಾಬಿನ ಸಂಖ್ಯೆ 100 ದಾಟಿದ್ದರೆ ಶೇಕಡಾ 15ರೊಳಗಿನ ವ್ಯತ್ಯಾಸ, 100ಕ್ಕಿಂತ ಕಡಿಮೆ ಇದ್ದರೆ 15 ಅಂಕದೊಳಗಿನ ವ್ಯತ್ಯಾಸ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರಿಗೆ ಹೇಳಿ. ಹಿಮೋಗ್ಲೋಬಿನ್ ತುಂಬಾ ಇಳಿದಾಗ, ರಕ್ತ ಹಾಕಿಸಿಕೊಂಡ ಮೇಲೆ ಮತ್ತೆ ಹೀಗೆ ತಾಳೆ ನೋಡಿ.

ದಿನಕ್ಕೆ ಎಷ್ಟು ಸಲ ನೋಡಬೇಕು? ಎಷ್ಟು ಇದ್ದರೆ ಸರಿ?

ಬೇರೆಯವರಿಗೆ ಎಚ್‌ಬಿಎ1ಸಿ ಒಂದು ಆಸರೆ. ನಿಮಗೆ ಅದಿಲ್ಲ, ಆದ್ದರಿಂದ ಮನೆಯ ಸಂಖ್ಯೆಗಳೇ ಡಾಕ್ಟರಿಗೆ ದಾರಿ. ಇನ್ಸುಲಿನ್ ಇರುವವರು ದಿನಕ್ಕೆ ಮೂರು ನಾಲ್ಕು ಸಲ ನೋಡಬೇಕಾಗುತ್ತದೆ. ಗುಳಿಗೆ ಮಾತ್ರ ಇರುವವರಿಗೆ ಸ್ಟ್ರಿಪ್ ಖರ್ಚು ಹೊರೆಯಾಗುತ್ತದೆ ಅಂತ ನನಗೆ ಗೊತ್ತು. ಅಂಥವರು ಹೊತ್ತು ಬದಲಿಸುತ್ತಾ ನೋಡಲಿ: ಇವತ್ತು ಬೆಳಿಗ್ಗೆ ಖಾಲಿ ಹೊಟ್ಟೆ, ನಾಳೆ ಮಧ್ಯಾಹ್ನದ ಊಟ ಆದ 2 ತಾಸಿಗೆ, ಮತ್ತೊಂದು ದಿನ ರಾತ್ರಿ ಊಟ ಆದ 2 ತಾಸಿಗೆ. ದಿನಾ ಬೆಳಿಗ್ಗೆ ಮಾತ್ರ ನೋಡಿದರೆ ಊಟದ ನಂತರ ಏರೋದು ಗೊತ್ತೇ ಆಗೋದಿಲ್ಲ.

ಗರ್ಭಿಣಿಯರನ್ನು ಬಿಟ್ಟು ದೊಡ್ಡವರಿಗೆ ಸಾಮಾನ್ಯವಾಗಿ ಊಟಕ್ಕೆ ಮೊದಲು 80ರಿಂದ 130, ಊಟ ಶುರು ಮಾಡಿದ ಒಂದೆರಡು ತಾಸಿಗೆ 180ರೊಳಗೆ ಇರಲಿ ಅಂತ ಹೇಳುತ್ತಾರೆ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರ್ ಇದನ್ನು ಸಡಿಲ ಮಾಡಬಹುದು.

ಬರೆಯುವಾಗ ಸಂಖ್ಯೆಯ ಪಕ್ಕದಲ್ಲಿ ಏನು ತಿಂದಿದ್ದು ಅಂತಲೂ ಬರೆಯಿರಿ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದ ದಿನ ಎಷ್ಟು, ಬರೀ ಅನ್ನ ಸಾರು ಉಂಡ ದಿನ ಎಷ್ಟು, ಸಂಜೆ ಗಿರ್ಮಿಟ್ ಮಿರ್ಚಿ ತಿಂದ ದಿನ ಎಷ್ಟು ಅಂತ ಒಂದು ತಿಂಗಳು ಬರೆದರೆ ನಿಮ್ಮ ದೇಹಕ್ಕೆ ಯಾವುದು ಹೊಂದುತ್ತದೆ ಅಂತ ನಿಮಗೇ ಕಾಣುತ್ತದೆ. ನೋವು, ಜ್ವರ, ರಕ್ತ ಹಾಕಿದ್ದು, ಹೊಸ ಗುಳಿಗೆ ಶುರುವಾಗಿದ್ದು ಇವನ್ನೂ ಅದೇ ಪುಟದಲ್ಲಿ ಬರೆಯಿರಿ.

ಈಗ 260, ಐದು ನಿಮಿಷಕ್ಕೆ ನೋಡಿದ್ರೆ 170. ಮಷಿನ್ ಕೆಟ್ಟಿದೆಯಾ?

ಮೊದಲು ಕೈ ನೋಡಿಕೊಳ್ಳಿ. ಫೇಡೆ ತಿಂದ ಬೆರಳು, ಮಾವಿನಹಣ್ಣು ಹೆಚ್ಚಿದ ಬೆರಳು, ಚಹಾಕ್ಕೆ ಸಕ್ಕರೆ ಹಾಕಿದ ಬೆರಳು, ಇವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಿಹಿ ಉಳಿದರೂ ಸಂಖ್ಯೆ ಹಾರುತ್ತದೆ. ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸಿ, ಒದ್ದೆ ಇದ್ದರೆ ರಕ್ತ ತೆಳುವಾಗುತ್ತದೆ. ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ರಕ್ತ ಬರದಿದ್ದರೆ ಹಿಂಡಬೇಡಿ, ಕೈ ಕೆಳಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ. ತಣ್ಣೀರಲ್ಲಿ ಕೈ ಇಡಬೇಡಿ, ಸಿಕಲ್ ಸೆಲ್ ಇದ್ದವರಿಗೆ ತಂಪು ಆಗಿಬರೋದಿಲ್ಲ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ಏಪ್ರಿಲ್ ಮೇ ತಿಂಗಳಲ್ಲಿ ಗದಗದ ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಇಟ್ಟ ಸ್ಟ್ರಿಪ್‌ಗಳನ್ನು ನಂಬಬೇಡಿ.

ಮೈಕೈ ನೋವು ಬಂದು ಅಡ್ಮಿಟ್ ಆದಾಗೆಲ್ಲ ಶುಗರ್ ಏರ್ತದೆ, ಯಾಕೆ?

ನೋವು, ಜ್ವರ, ಸೋಂಕು ಯಾವುದೇ ಇದ್ದರೂ ದೇಹ ಶುಗರ್ ಏರಿಸುವ ಹಾರ್ಮೋನ್‌ಗಳನ್ನು ಬಿಡುತ್ತದೆ. ಅದರ ಮೇಲೆ ಡೆಕ್ಸ್ಟ್ರೋಸ್ (ಅಂದರೆ ಗ್ಲೂಕೋಸ್) ಇರುವ ಸಲೈನ್ ಹಾಕಿದರೆ ಇನ್ನಷ್ಟು ಏರುತ್ತದೆ. ಸ್ಟೀರಾಯ್ಡ್ ಕೊಟ್ಟರಂತೂ ಹೇಳೋದೇ ಬೇಡ.

ಇದರ ಉಲ್ಟಾ ದಾರಿಯೂ ಇದೆ, ಅದು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಶುಗರ್ ತುಂಬಾ ಏರಿದಾಗ ಅದು ಮೂತ್ರದಲ್ಲಿ ನೀರನ್ನು ಎಳೆದುಕೊಂಡು ಹೋಗುತ್ತದೆ. ದೇಹ ಒಣಗುತ್ತದೆ. ಒಣಗಿದಾಗ ಕಣಗಳು ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಂಡು ನೋವು ಶುರುವಾಗುತ್ತದೆ. ಅಂದರೆ ಶುಗರ್ ನೋಡಿಕೊಳ್ಳೋದು ನೋವು ತಡೆಯುವ ಕೆಲಸವೂ ಹೌದು. ನೋವಿನ ದಿನಗಳಲ್ಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಶುಗರ್ ನೋಡಿ, ನೀರು ಕುಡಿಯುತ್ತಾ ಇರಿ. 300 ದಾಟಿ ಇಳಿಯದಿದ್ದರೆ, ವಾಂತಿ ಇದ್ದರೆ, ಉಸಿರು ಕಟ್ಟಿದರೆ, ಎದೆನೋವಿದ್ದರೆ, ಜ್ವರ 101 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಶ್ರಾವಣ ಸೋಮವಾರ ಉಪವಾಸ ಮಾಡಬಹುದಾ?

ನೀರೂ ಕುಡಿಯದ ಉಪವಾಸ ಬೇಡವೇ ಬೇಡ, ರೋಜಾ ಹಿಡಿಯುವವರಿಗೂ ಇದೇ ಮಾತು. ಒಂದು ಹೊತ್ತು ಹಣ್ಣು ಹಾಲು ತೆಗೆದುಕೊಂಡು ಮಾಡುವುದಾದರೂ ಗುಳಿಗೆ ಹೊತ್ತು, ಪ್ರಮಾಣ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಉಪವಾಸದ ಸಾಬುದಾನಿ ಖಿಚಡಿ ಶುಗರನ್ನು ಜೋರಾಗಿ ಏರಿಸುತ್ತದೆ, ಅದನ್ನೂ ನೆನಪಿಡಿ.

ಶುಗರ್ ಇಳಿದಾಗ ಏನು ಮಾಡೋದು?

70ಕ್ಕಿಂತ ಕೆಳಗೆ ಹೋದರೆ, ಅಥವಾ ಬೆವರು, ನಡುಕ, ಕಣ್ಣು ಮಂಜು, ಮಾತು ತೊದಲು ಕಂಡರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡೋದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮೊದಲೇ ಹೇಳಿದಂತೆ ರಕ್ತ ಕಡಿಮೆ ಇದ್ದಾಗ ಮಷಿನ್ ಜಾಸ್ತಿ ತೋರಿಸುತ್ತದೆ, ಆದ್ದರಿಂದ 85 ತೋರಿಸಿದರೂ ಲಕ್ಷಣ ಇದ್ದರೆ ಸಕ್ಕರೆ ಕೊಟ್ಟುಬಿಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಿ.

## ಲ್ಯಾಬ್, ಆಸ್ಪತ್ರೆ, ಔಷಧಿ

ನಾನು ಬರೀ ಕ್ಯಾರಿಯರ್. ನನಗೂ ಎಚ್‌ಬಿಎ1ಸಿ ಬೇಡವಾ?

ನಿಮ್ಮ ವಿಷಯ ಬೇರೆ. ಕ್ಯಾರಿಯರ್‌ಗಳಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ ಎ ಅರ್ಧಕ್ಕಿಂತ ಜಾಸ್ತಿ ಇರುತ್ತದೆ, ಕಣಗಳೂ ಹೆಚ್ಚುಕಡಿಮೆ ಪೂರ್ತಿ ಆಯುಷ್ಯ ಬದುಕುತ್ತವೆ. ಟೆಸ್ಟ್ ಮಾಡಿಸಬಹುದು, ಆದರೆ ಸಿಕಲ್ ಹಿಮೋಗ್ಲೋಬಿನ್ ಅಡ್ಡ ಬರದಂಥ ವಿಧಾನದಲ್ಲಿ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಂದೇ ಮಟ್ಟದ ಶುಗರ್ ಇದ್ದರೂ ಕ್ಯಾರಿಯರ್‌ಗಳ ಎಚ್‌ಬಿಎ1ಸಿ ಸುಮಾರು 0.3 ಕಡಿಮೆ ಬಂದಿತ್ತು. ಹಾಗಾಗಿ ಗಡಿಯಲ್ಲಿರುವ ಸಂಖ್ಯೆ ಬಂದರೆ ಖಾಲಿ ಹೊಟ್ಟೆಯ ಶುಗರ್ ಕೂಡ ನೋಡಿಸಿ.

ಲ್ಯಾಬ್‌ನಲ್ಲಿ ಕೇಳಬೇಕಾದದ್ದು ಇಷ್ಟು: 'ನಿಮ್ಮ ಎಚ್‌ಬಿಎ1ಸಿ ಯಾವ ವಿಧಾನದ್ದು? ಎಚ್‌ಬಿಎಸ್ (ಸಿಕಲ್ ಹಿಮೋಗ್ಲೋಬಿನ್) ಇದ್ದರೆ ಅದಕ್ಕೆ ಅಡ್ಡಿ ಆಗ್ತದಾ?' ಎಚ್‌ಪಿಎಲ್‌ಸಿ ವಿಧಾನ ಆಗಿದ್ದರೆ ರಿಪೋರ್ಟಿನ ಜೊತೆ ಒಂದು ಗ್ರಾಫ್ ಬರುತ್ತದೆ. ಸಾಮಾನ್ಯ ರಕ್ತದಲ್ಲಿ ಹಿಮೋಗ್ಲೋಬಿನ್ ಎ ಅನ್ನುವ ಒಂದೇ ದೊಡ್ಡ ಶಿಖರ ಇರುತ್ತದೆ. ಕ್ಯಾರಿಯರ್‌ನಲ್ಲಿ ಅದರ ಆಚೆಗೆ ಇನ್ನೊಂದು ದೊಡ್ಡ ಶಿಖರ ಎದ್ದಿರುತ್ತದೆ. ಎಷ್ಟೋ ಸಲ ಮನೆಯಲ್ಲಿ ಸಿಕಲ್ ಇದೆ ಅಂತ ಮೊದಲು ಗೊತ್ತಾಗೋದು ಶುಗರ್ ಟೆಸ್ಟಿನ ಈ ಗ್ರಾಫಿನಿಂದಲೇ. ಆದ್ದರಿಂದ ಸಂಖ್ಯೆ ಇರುವ ಪುಟ ಒಂದನ್ನೇ ಇಟ್ಟುಕೊಂಡು ಗ್ರಾಫ್ ಬಿಸಾಡಬೇಡಿ.

ಎಚ್‌ಬಿಎ1ಸಿ ಬದಲಿಗೆ ಬೇರೆ ಯಾವ ಟೆಸ್ಟ್ ಇದೆ?

ಫ್ರಕ್ಟೋಸಮೈನ್, ಗ್ಲೈಕೇಟೆಡ್ ಆಲ್ಬುಮಿನ್ ಅಂತ ಎರಡಿವೆ. ಇವು ಹಿಮೋಗ್ಲೋಬಿನ್‌ಗೆ ಅಲ್ಲ, ರಕ್ತದ ನೀರಿನ ಭಾಗದಲ್ಲಿರುವ ಪ್ರೋಟೀನ್‌ಗೆ ಅಂಟಿದ ಶುಗರ್ ಅಳೆಯುತ್ತವೆ. ಕೆಂಪು ಕಣ ಎಷ್ಟು ದಿನ ಬದುಕಿತು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಿಂದಿನ ಎರಡು ಮೂರು ವಾರದ ಲೆಕ್ಕ ಕೊಡುತ್ತವೆ. ಫ್ರಕ್ಟೋಸಮೈನ್ ಸಾಮಾನ್ಯವಾಗಿ 200ರಿಂದ 285ರ ನಡುವೆ ಇರುತ್ತದೆ, ನಿಮ್ಮ ಲ್ಯಾಬ್ ಕೊಡುವ ಮಿತಿಯನ್ನೇ ನೋಡಿ.

ಇವಕ್ಕೂ ಮಿತಿ ಇದೆ. ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದ್ದರೆ, ಲಿವರ್ ತೊಂದರೆ ಇದ್ದರೆ, ಆಲ್ಬುಮಿನ್ ಕಡಿಮೆ ಇದ್ದರೆ ಇವೂ ತಪ್ಪು ಹೇಳುತ್ತವೆ. ಸಿಕಲ್ ಸೆಲ್‌ನಲ್ಲಿ ಕಿಡ್ನಿ ಲಿವರ್ ಎರಡಕ್ಕೂ ಪೆಟ್ಟು ಬೀಳುವುದರಿಂದ ಜೊತೆಗೆ ಆಲ್ಬುಮಿನ್ ಕೂಡ ಮಾಡಿಸಿ. ಸಣ್ಣ ಊರಿನ ಲ್ಯಾಬ್‌ಗಳು ಈ ಟೆಸ್ಟನ್ನು ಹೊರಗೆ ಕಳಿಸಿ ಮಾಡಿಸುತ್ತವೆ, ರಿಪೋರ್ಟ್ ಬರಲು ತಡವಾಗಬಹುದು. ಒಂದು ಸಲದ ಸಂಖ್ಯೆಗಿಂತ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ ಏರಿತೋ ಇಳಿಯಿತೋ ನೋಡುವುದು ಉಪಯೋಗ.

ಹೋದ ತಿಂಗಳು ಎರಡು ಬಾಟ್ಲಿ ರಕ್ತ ಹಾಕ್ಯಾರ. ಈಗ ಯಾವ ಟೆಸ್ಟ್ ಮಾಡಿಸಲಿ?

ಎಚ್‌ಬಿಎ1ಸಿ ಅಂತೂ ಬೇಡ. ನಿಮ್ಮ ಮೈಯಲ್ಲಿ ಈಗ ಓಡಾಡುತ್ತಿರುವ ಹಿಮೋಗ್ಲೋಬಿನ್ ಎ ಬಹುಪಾಲು ರಕ್ತ ಕೊಟ್ಟವರದ್ದು. ಅದಕ್ಕೆ ಅಂಟಿದ್ದು ಬಹಳಷ್ಟು ಅವರ ಶುಗರ್, ನಿಮ್ಮದಲ್ಲ. ಮನೆಯ ಗ್ಲುಕೋಮೀಟರ್ ಸಂಖ್ಯೆಗಳು, ಲ್ಯಾಬಿನ ಖಾಲಿ ಹೊಟ್ಟೆ ಮತ್ತು ಊಟದ ನಂತರದ ಶುಗರ್ ಸಾಕು.

ಹೈಡ್ರಾಕ್ಸಿಯೂರಿಯಾ ತಗೋತೀನಿ. ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಬಹುದಾ?

ಹಾಕಿಸುವ ಮೊದಲು ಯಾವ ಸೆನ್ಸರ್ ಅಂತ ನೋಡಲೇಬೇಕು. ಡೆಕ್ಸ್‌ಕಾಮ್, ಮೆಡ್‌ಟ್ರಾನಿಕ್ ಸೆನ್ಸರ್‌ಗಳ ಸೂಚನೆಯಲ್ಲೇ ಹೈಡ್ರಾಕ್ಸಿಯೂರಿಯಾ ತೆಗೆದುಕೊಂಡರೆ ಇರುವುದಕ್ಕಿಂತ ಜಾಸ್ತಿ ಶುಗರ್ ತೋರಿಸುತ್ತದೆ ಅಂತ ಎಚ್ಚರಿಕೆ ಇದೆ. ಗುಳಿಗೆ ನುಂಗಿದ ಮೇಲೆ ಸೆನ್ಸರ್ ಸಂಖ್ಯೆ ಏರುತ್ತದೆ, ಅದನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಸೆನ್ಸರ್‌ಗೋಸ್ಕರ ಹೈಡ್ರಾಕ್ಸಿಯೂರಿಯಾ ಬಿಡಬೇಡಿ, ನಿಮ್ಮ ನೋವು ಕಡಿಮೆ ಮಾಡುವ ಔಷಧಿ ಅದು. ಸೆನ್ಸರ್ ಬೇರೆ ಆರಿಸಿ. ಬೇರೆ ಸೆನ್ಸರ್‌ಗಳಲ್ಲೂ ಜಾಸ್ತಿ ಪ್ರಮಾಣದ ವಿಟಮಿನ್ ಸಿ, ಕೆಲವು ಹಳೆಯವುಗಳಲ್ಲಿ ಪ್ಯಾರಾಸಿಟಮಾಲ್ ಸಂಖ್ಯೆ ಕೆಡಿಸುತ್ತವೆ. ನೀವು ನುಂಗುವ ಎಲ್ಲ ಗುಳಿಗೆಗಳ ಪಟ್ಟಿ ತೋರಿಸಿಯೇ ತೆಗೆದುಕೊಳ್ಳಿ.

ಸರಿಯಾದ ಸೆನ್ಸರ್ ಸಿಕ್ಕರೆ ನಿಮ್ಮಂಥವರಿಗೆ ಅದು ಬಹಳ ಉಪಕಾರಿ. ಎಚ್‌ಬಿಎ1ಸಿ ಹೇಳಲಾಗದ್ದನ್ನು ಎರಡು ವಾರದ ಗ್ರಾಫ್ ಹೇಳುತ್ತದೆ. ಸಾಮಾನ್ಯವಾಗಿ ದಿನದ ಶೇಕಡಾ 70ಕ್ಕಿಂತ ಜಾಸ್ತಿ ಹೊತ್ತು ಶುಗರ್ 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ಶೇಕಡಾ 4ಕ್ಕಿಂತ ಕಡಿಮೆ ಹೊತ್ತು. ವರ್ಷಪೂರ್ತಿ ಹಾಕಿಸಲು ಆಗದಿದ್ದರೆ, ಔಷಧಿ ಬದಲಾದಾಗ ಒಂದು ಸಲ ಹಾಕಿಸಿದರೂ ಡಾಕ್ಟರಿಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ.

ಪದೇ ಪದೇ ರಕ್ತ ಹಾಕಿಸಿದ್ರೆ ಶುಗರ್ ಬರ್ತದೆ ಅಂತಾರೆ, ನಿಜಾನಾ?

ಬರಬಹುದು. ಹಾಕಿದ ರಕ್ತದ ಜೊತೆ ಕಬ್ಬಿಣವೂ ದೇಹಕ್ಕೆ ಸೇರುತ್ತದೆ, ಅದನ್ನು ಹೊರಹಾಕಲು ದೇಹಕ್ಕೆ ದಾರಿ ಇಲ್ಲ. ಲಿವರ್, ಹೃದಯದ ಜೊತೆ ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯಲ್ಲೂ ಕೂಡಿಕೊಳ್ಳುತ್ತದೆ. ಅದಕ್ಕೇ ದೇಹದಲ್ಲಿ ಕೂಡಿದ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಟೆಸ್ಟ್ ನೋಡಿಸುತ್ತಿರಬೇಕು. ಕಬ್ಬಿಣ ಇಳಿಸಲು ಡೆಫೆರಾಸಿರಾಕ್ಸ್ ಕೊಟ್ಟಿದ್ದರೆ ಶುಗರಿನ ಡಾಕ್ಟರಿಗೆ ಹೇಳಿ, ಅದು ರೆಪಾಗ್ಲಿನೈಡ್ ಅನ್ನುವ ಶುಗರ್ ಗುಳಿಗೆಯ ಪರಿಣಾಮವನ್ನು ಜಾಸ್ತಿ ಮಾಡುತ್ತದೆ.

ಯಾವ ಶುಗರ್ ಗುಳಿಗೆ ವಿಷಯದಲ್ಲಿ ಎಚ್ಚರ ಬೇಕು?

ಡಾಕ್ಟರ್ ಹತ್ತಿರ ಮಾತಾಡಲು ಬೇಕಾದಷ್ಟು ಹೇಳುತ್ತೇನೆ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಮೊದಲು ಕೊಡುವ ಗುಳಿಗೆ, ಆದರೆ ಕಿಡ್ನಿ ತುಂಬಾ ದುರ್ಬಲವಾದಾಗ ಕೊಡಬಾರದು. ಜೋರು ನೋವು, ಆಮ್ಲಜನಕ ಕಡಿಮೆ, ವಾಂತಿ ಭೇದಿ ಇರುವ ದಿನಗಳಲ್ಲಿ ನಿಲ್ಲಿಸಬೇಕಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ಮೊದಲೇ ರಕ್ತ ಕಡಿಮೆ ಇರುವವರಿಗೆ ಅದು ಇನ್ನೊಂದು ಪೆಟ್ಟು, ಆದ್ದರಿಂದ ಬಿ12 ನೋಡಿಸಿ. ಡಾಪಾಗ್ಲಿಫ್ಲೋಜಿನ್ ಥರದ ಗುಳಿಗೆಗಳು ಶುಗರನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಒಣಗಿದರೆ ನೋವು ಬರುವ ದೇಹ ಇದು ಅನ್ನೋದನ್ನು ಬರೆದುಕೊಡುವವರಿಗೆ ನೆನಪಿಸಿ. ಜಿ6ಪಿಡಿ (ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆಯೂ ಇದ್ದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಗುಳಿಗೆಗಳಿಂದ ಕಣ ಒಡೆಯುವ ಅಪಾಯ ಇದೆ.

ಕ್ರಿಯಾಟಿನಿನ್ 0.6 ಇದೆ, ಕಿಡ್ನಿ ಚೆನ್ನಾಗಿದೆ ಅಲ್ವಾ?

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ. ಅದೊಂದನ್ನೇ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಸಿಕಲ್ ಸೆಲ್‌ನಲ್ಲಿ ಕಿಡ್ನಿ ಮೊದಮೊದಲು ಅತಿಯಾಗಿ ಸೋಸುತ್ತದೆ, ಕ್ರಿಯಾಟಿನಿನ್ ಕಡಿಮೆಯೇ ಬರುತ್ತದೆ, ಒಳಗೆ ಹಾನಿ ನಡೆದಿರುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತದ ಟೆಸ್ಟ್ ವರ್ಷಕ್ಕೊಮ್ಮೆ ಮಾಡಿಸಿ. ಕಣ್ಣಿಗೆ ಔಷಧಿ ಹಾಕಿ ಹಿಂಭಾಗದ ಪರದೆ ನೋಡುವ ಪರೀಕ್ಷೆಯೂ ವರ್ಷಕ್ಕೊಮ್ಮೆ ಬೇಕು, ಏಕೆಂದರೆ ಎರಡೂ ಕಾಯಿಲೆ ಆ ಪರದೆಯನ್ನು ಬೇರೆ ಬೇರೆ ರೀತಿಯಲ್ಲಿ ಕೆಡಿಸುತ್ತವೆ. ಕಾಲಿನ ಹರಡಿನ ಸುತ್ತ ಹುಣ್ಣು ಆಗಿದ್ದರೆ ತಡ ಮಾಡಬೇಡಿ.

ನಮ್ಮ ಸೊಸಿ ಬಸುರಿ, ಆಕಿಗೆ ಸಿಕಲ್ ಸೆಲ್ ಐತಿ. ಶುಗರ್ ಹೆಂಗ ನೋಡಸೋದ್ರಿ?

ಮೊದಲ ತಪಾಸಣೆಯಲ್ಲೇ ಒಂದು ಸಲ, ಆಗ ಸರಿ ಇದ್ದರೆ 24ರಿಂದ 28 ವಾರದ ನಡುವೆ ಮತ್ತೊಂದು ಸಲ. ನಮ್ಮ ಸರ್ಕಾರಿ ಆಸ್ಪತ್ರೆಗಳ ಪದ್ಧತಿಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ತಾಸಿಗೆ ರಕ್ತ ನೋಡುತ್ತಾರೆ, ಊಟ ಮಾಡಿ ಬಂದಿದ್ದರೂ ನಡೆಯುತ್ತದೆ. 140 ಅಥವಾ ಜಾಸ್ತಿ ಬಂದರೆ ಗರ್ಭಿಣಿಯ ಶುಗರ್ ಅಂತ ಲೆಕ್ಕ. ಎಚ್‌ಬಿಎ1ಸಿ ಚೀಟಿ ಬರೆದುಕೊಟ್ಟರೆ ಸಿಕಲ್ ಸೆಲ್ ಇದೆ ಅಂತ ಅಲ್ಲೇ ಹೇಳಿ. ಗ್ಲೂಕೋಸ್ ಕುಡಿದು ಅರ್ಧ ತಾಸಿನೊಳಗೆ ವಾಂತಿಯಾದರೆ ಅವತ್ತಿನ ಟೆಸ್ಟ್ ಬಿಟ್ಟು ಮಾರನೇ ದಿನ ಮಾಡಿಸಿ. ಅರ್ಧ ತಾಸು ದಾಟಿದ ಮೇಲೆ ಆದರೆ ಟೆಸ್ಟ್ ಮುಂದುವರಿಸಬಹುದು. ವಾಂತಿಯಾದ ದಿನ ಆಕೆಗೆ ನೀರು, ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಇರಿ, ಏನೂ ನಿಲ್ಲದಿದ್ದರೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಆಗಲಿ, ಹತ್ತಿರದ ಜಿಲ್ಲಾ ಆಸ್ಪತ್ರೆ ಆಗಲಿ, ಅದೇ ದಿನ ಕರೆದುಕೊಂಡು ಹೋಗಿ. ಹೆರಿಗೆ ಗೊತ್ತು ಮಾಡುವಾಗ ರಕ್ತನಿಧಿ ಇರುವ ಆಸ್ಪತ್ರೆಯನ್ನೇ ಆರಿಸಿ.